ಪಟ್ಟಾ, ಮುಚ್ಚಳಿಕೆ ಮತ್ತು ಒಕ್ಕಲು: ಹತ್ತೊಂಬತ್ತನೆಯ ಶತಮಾನದ ವಿಶಾಖಪಟ್ಟಣ-ಬೆಜವಾಡ ಸೀಮೆಗಳ ಗೇಣಿ ವ್ಯವಸ್ಥೆ

ವಿಶಾಖಪಟ್ಟಣಕ್ಕೆ ಹೊಸದಾಗಿ ಬಂದು ನೆಲಸಿದ ಕನ್ನಡಿಗನಿಗೆ ಆಗುವ ಭ್ರಾಂತಿಗಳಲ್ಲಿ ವಿಜಯನಗರದ ಹೆಸರಿನದೂ ಒಂದು. ರೈಲಿನಲ್ಲಿ ಒಂದು ಗಂಟೆಯಷ್ಟು ಈಶಾನ್ಯಕ್ಕೆ ಹೋದರೆ ಸಿಗುವ ವಿಜಯನಗರಂ ಎಂಬ ಊರಿಗೂ ತುಂಗಭದ್ರೆಯ ದಂಡೆಯ ನಮ್ಮ ವಿಜಯನಗರಕ್ಕೂ ಏನೋ ನಂಟಿರಬೇಕೆಂದು ಅವನು ಊಹಿಸುತ್ತಾನೆ; ನಾನೂ ಊಹಿಸಿದ್ದೆ. ಪೂಸಪಾಟಿ ಮನೆತನದವರು ೧೭೧೩ರಲ್ಲಿ ಕಟ್ಟಲು ತೊಡಗಿದ ಕೋಟೆಯ ಸುತ್ತ ಬೆಳೆದ ಊರು ಇದು. ಇದರ ಖ್ಯಾತಿಯು ಸಾಮ್ರಾಜ್ಯದಿಂದ ಬಂದದ್ದಲ್ಲ, ಜಮೀನ್ದಾರಿಯಿಂದ ಬಂದದ್ದು. ಅಲ್ಲಿಯ ಸಂಗೀತ, ಅಲ್ಲಿಯ ಕಾಲೇಜು, ಗುರಜಾಡ ಅಪ್ಪಾರಾಯರಿಗೆ ಅಲ್ಲಿ ದೊರೆತ ಆಶ್ರಯ, ಇವುಗಳನ್ನು ನಾವು ಮೆಚ್ಚಿ ಕೊಂಡಾಡುತ್ತೇವೆ. ಆ ಔದಾರ್ಯಕ್ಕೆ ಬೇಕಾದ ಹಣವನ್ನು ಹೊಲದಲ್ಲಿ ಬೆಳೆದವರು ಯಾರು, ಅವರಿಗೆ ಆ ಹೊಲದ ಮೇಲೆ ಇದ್ದ ಹಕ್ಕು ಎಂಥದು ಎಂಬ ಪ್ರಶ್ನೆ ಮಾತ್ರ ನಮ್ಮ ಗೋಷ್ಠಿಗಳಲ್ಲಿ ಕೇಳಿಬರುವುದು ಅಪರೂಪ.

ಆಂಧ್ರದೇಶದಲ್ಲಿ ನೆಲಸಿರುವ ನಾವು ಈ ನಾಡಿನ ಚರಿತ್ರೆಯನ್ನು ಓದುವ ರೀತಿಯಲ್ಲಿಯೇ ಒಂದು ಓರೆಯಿದೆ. ವೇಂಗಿಯ ಚಾಳುಕ್ಯರವರೆಗೆ ಉತ್ಸಾಹದಿಂದ ಬರುತ್ತೇವೆ. ಶ್ರೀಕೂರ್ಮ, ಸಿಂಹಾಚಲಗಳಲ್ಲಿರುವ ನರಹರಿತೀರ್ಥರ ಕಾಲದ ಶಾಸನಗಳನ್ನು ಕಂಡು ಹಿಗ್ಗುತ್ತೇವೆ. ಅಲ್ಲಿಂದ ಮುಂದಕ್ಕೆ ಕಣ್ಣು ಹಾಯಿಸುವುದಿಲ್ಲ. ನಮ್ಮ ನೆರೆಮನೆಯವರ ಮುತ್ತಜ್ಜಂದಿರು ಬದುಕಿದ ಶತಮಾನ ನಮಗೆ ಕತ್ತಲೆಯಾಗಿಯೇ ಉಳಿದಿದೆ. ಪ್ರಕೃತ ಲೇಖನದಲ್ಲಿ ಆ ಶತಮಾನದ ಭೂಹಿಡುವಳಿಯ ಕಥೆಯನ್ನು, ನನಗೆ ತಿಳಿದಮಟ್ಟಿಗೆ, ಎರಡು ಸೀಮೆಗಳಿಗೆ ಅನ್ವಯಿಸಿ ಹೇಳಲು ಯತ್ನಿಸಿದ್ದೇನೆ. ಅಲ್ಲಲ್ಲಿ ಕನ್ನಡನಾಡಿನ ಮೂಲಗೇಣಿ, ಚಾಲಗೇಣಿಗಳನ್ನೂ ಅದೇ ಕಾಲದ ಐರ್ಲೆಂಡಿನ ಒಕ್ಕಲುಗಳನ್ನೂ ಹೋಲಿಕೆಗೆ ಎತ್ತಿಕೊಂಡಿದ್ದೇನೆ. ಐರ್ಲೆಂಡು ದೂರದ ದೇಶವೆಂದು ವಾಚಕರು ಬೇಸರಪಡಬಾರದು. ಭೂಮಿಯ ಒಡೆಯನು ಯಾರೆಂಬ ವಿಷಯದಲ್ಲಿ ಆಂಗ್ಲರ ಕಾನೂನು ಎಡವಿದ ಎರಡು ಕಡೆಗಳಲ್ಲಿ ಅದೊಂದು, ಇದೊಂದು.

ಮೊದಲಿಗೆ ಪದ್ಮನಾಭಂ. ಗೋಸ್ತನೀ ನದಿಯ ಬಳಿ, ಗುಡ್ಡದ ಮೇಲೆ ಅನಂತಪದ್ಮನಾಭನ ಗುಡಿಯಿರುವ ಈ ಹಳ್ಳಿಯಲ್ಲಿ ೧೭೯೪ರ ಜುಲೈ ತಿಂಗಳಲ್ಲಿ ವಿಜಯನಗರಂನ ಚಿನ್ನ ವಿಜಯರಾಮರಾಜನು ಕಂಪೆನಿಯ ಸೈನ್ಯದೆದುರು ಹೋರಾಡಿ ತನ್ನ ಬಂಧುಗಳೊಡನೆ ಮಡಿದನು. ಬಾಕಿ ಹಣ ಸಲ್ಲಿಸಲಿಲ್ಲವೆಂದು ಕಂಪೆನಿಯವರು ಅವನನ್ನು ಗದ್ದುಗೆಯಿಂದಿಳಿಸಿ ಮಚಲೀಪಟ್ಟಣಕ್ಕೆ ಹೋಗಿರೆಂದು ಆಜ್ಞಾಪಿಸಿದ್ದರು, ಅವನು ಒಪ್ಪಲಿಲ್ಲ. ಇಂದಿನ ತೆಲುಗು ಲೇಖಕರು ಇದನ್ನು ಸ್ವಾತಂತ್ರ್ಯಸಮರವೆಂದು ಬಣ್ಣಿಸುವುದುಂಟು. ಅದು ಅವರವರ ಅಭಿಪ್ರಾಯ. ಆದರೆ ಯುದ್ಧದ ಹಿಂದಿದ್ದ ವಿವಾದವು ಪೇಷ್ಕಷ್ಷಿನ ಮೊತ್ತವನ್ನು ಕುರಿತದ್ದು ಎಂಬುದನ್ನು ಮರೆಯಲಾಗದು. ಸತ್ತ ರಾಜನ ಮಗ ನಾರಾಯಣಬಾಬುವಿಗೆ ಎರಡು ವರ್ಷಗಳೊಳಗೆ ಜಮೀನ್ದಾರಿ ಹಿಂದಿರುಗಿತು, ಸೈನ್ಯ ಮಾತ್ರ ಹಿಂದಿರುಗಲಿಲ್ಲ. ಅಲ್ಲಿಂದ ಮುಂದೆ ಈ ಮನೆತನದ ಬಲವೆಲ್ಲ ಗೇಣಿಯನ್ನು ವಸೂಲುಮಾಡುವ ಬಲ.

೧೮೦೨ರಲ್ಲಿ ಮದರಾಸು ಸರ್ಕಾರವು ಬಂಗಾಳದ ಮಾದರಿಯ ಶಾಶ್ವತ ಕಂದಾಯ ವ್ಯವಸ್ಥೆಯನ್ನು ಉತ್ತರ ಸರ್ಕಾರುಗಳಲ್ಲಿ ಜಾರಿಗೆ ತಂದಿತು. ವಿಜಯನಗರಂ ಜಮೀನ್ದಾರಿಗೆ ೨೪ ಪರಗಣೆಗಳು, ೧,೧೫೭ ಗ್ರಾಮಗಳು. ಅದಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿ ಪೇಷ್ಕಷ್. ಜಿಲ್ಲೆಯಲ್ಲಿ ಇಂಥ ಹಳೆಯ ಜಮೀನ್ದಾರಿಗಳು ೧೬ ಇದ್ದವು. ಯಾವ ಜಮೀನ್ದಾರನಿಗೂ ಸೇರದೆ ನೇರವಾಗಿ ಸರ್ಕಾರದ ಕೈಯಲ್ಲಿದ್ದ ಹವೇಲಿ ಭೂಮಿಗಳನ್ನು ೨೬ ತುಂಡುಗಳಾಗಿ ಮಾಡಿ ಹರಾಜಿನಲ್ಲಿ ಮಾರಲಾಯಿತು. ಈ ಎರಡನೆಯ ಸಂಗತಿಯನ್ನು ಸ್ವಲ್ಪ ನಿಂತು ನೋಡಬೇಕು. ಹಳೆಯ ಜಮೀನ್ದಾರನಿಗಾದರೂ ಕುಲದ ಅಭಿಮಾನ, ಕೆರೆ ಕಟ್ಟಿಸಿದ ಪುಣ್ಯ, ಜಾತ್ರೆಯಲ್ಲಿ ಮೊದಲ ಮರ್ಯಾದೆ ಇತ್ಯಾದಿ ಕಟ್ಟುಪಾಡುಗಳಿದ್ದವು. ಹರಾಜಿನಲ್ಲಿ ಕೊಂಡವನಿಗೆ ಹಾಕಿದ ಬಂಡವಾಳದ ಲೆಕ್ಕ ಮಾತ್ರ ಇತ್ತು. ಆ ಲೆಕ್ಕವೂ ಬಹಳ ಮಂದಿಗೆ ಕೂಡಿಬರಲಿಲ್ಲ; ಅನೇಕರು ಸೋತು ಕೈಬಿಟ್ಟರು, ಅವರ ಭೂಮಿಗಳಲ್ಲಿ ಕೆಲವು ಕಾಲಕ್ರಮದಲ್ಲಿ ವಿಜಯನಗರಂ ಮನೆತನಕ್ಕೇ ಸೇರಿದವು.

ಈ ವ್ಯವಸ್ಥೆಗೆ ಆಧಾರವಾದ ೧೮೦೨ರ ೨೫ನೆಯ ರೆಗ್ಯುಲೇಷನ್ನು ಜಮೀನ್ದಾರನನ್ನು ಭೂಮಿಯ ಒಡೆಯನೆಂದು ಕರೆಯಿತು. ಅದೇ ವರ್ಷದ ೩೦ನೆಯ ರೆಗ್ಯುಲೇಷನ್ನು ಆ ಒಡೆಯನು ತನ್ನ ರೈತನಿಗೆ ಪಟ್ಟಾ ಕೊಡಬೇಕೆಂದೂ ರೈತನು ಅವನಿಗೆ ಮುಚ್ಚಳಿಕೆ ಬರೆದುಕೊಡಬೇಕೆಂದೂ ವಿಧಿಸಿತು. ಎರಡೂ ನಮಗೆ ಪರಿಚಿತವಾದ ಮಾತುಗಳೇ. ಗೇಣಿಯ ಮೊತ್ತವನ್ನು ಕಾಗದದ ಮೇಲೆ ಬರೆದುಬಿಟ್ಟರೆ ಜಮೀನ್ದಾರನು ಅದಕ್ಕಿಂತ ಹೆಚ್ಚು ಕೇಳಲಾರನೆಂಬುದು ಶಾಸನಕರ್ತರ ಸದುದ್ದೇಶವಾಗಿತ್ತು. ಆದರೆ ಕಾಗದಕ್ಕೆ ಇನ್ನೊಂದು ಮುಖವಿದೆ. ತಲೆಮಾರುಗಳಿಂದ ಉತ್ತುಬರುತ್ತಿದ್ದವನು ‘ಇದು ನನ್ನ ಹೊಲ’ ಎನ್ನುವುದಕ್ಕೆ ಊರೇ ಸಾಕ್ಷಿಯಾಗಿದ್ದಿತು. ಒಂದು ವರ್ಷದ ಪಟ್ಟಾವನ್ನು ಅವನ ಕೈಗಿತ್ತ ಬಳಿಕ ‘ನಿನ್ನ ಹಕ್ಕು ಈ ಕಾಗದದಲ್ಲಿರುವಷ್ಟೇ, ಈ ವರ್ಷದ ಮಟ್ಟಿಗೆ’ ಎಂದು ವಾದಿಸಲು ಎದುರಾಳಿಗೆ ದಾರಿಯಾಯಿತು. ರಕ್ಷಣೆಗೆಂದು ಕೊಟ್ಟ ಪತ್ರವೇ ರೈತನ ವಿರುದ್ಧ ಸಾಕ್ಷಿ ನುಡಿಯಿತು. ಅನೇಕ ರೈತರು ಪಟ್ಟಾವನ್ನು ತೆಗೆದುಕೊಳ್ಳಲು ಹಿಂಜರಿದುದನ್ನು ಅಧಿಕಾರಿಗಳು ಅಜ್ಞಾನವೆಂದು ಬರೆದಿಟ್ಟರು. ಅದು ಅಜ್ಞಾನವಾಗಿರಲಿಲ್ಲವೆಂದು ನನ್ನ ಎಣಿಕೆ.

ಇಲ್ಲಿ ಮನ್ರೋ ದೊರೆಯ ಪ್ರಸ್ತಾಪವನ್ನು ಬಿಡುವಂತಿಲ್ಲ. ಥಾಮಸ್ ಮನ್ರೋ ೧೭೯೯-೧೮೦೦ರಲ್ಲಿ ಕನ್ನಡ ಜಿಲ್ಲೆಯಲ್ಲಿಯೂ ಅನಂತರ ಬಳ್ಳಾರಿ ಮೊದಲಾದ ದತ್ತಮಂಡಲಗಳಲ್ಲಿಯೂ ಕೆಲಸಮಾಡಿದವನು. ಕರಾವಳಿಯಲ್ಲಿ ಅವನು ಕಂಡ ಮೂಲಗೇಣಿಯು ಶಾಶ್ವತವಾದ ಹಿಡುವಳಿ: ಗೇಣಿ ನಿಗದಿಯಾದದ್ದು, ಸಲ್ಲಿಸುವವರೆಗೆ ಒಕ್ಕಲೆಬ್ಬಿಸುವಂತಿಲ್ಲ. ಚಾಲಗೇಣಿಯವನಿಗೆ ಆ ಭದ್ರತೆಯಿರಲಿಲ್ಲ. ಒಕ್ಕಲಿನ ಹಕ್ಕು ಸರ್ಕಾರದ ಕಾಗದಕ್ಕಿಂತ ಹಿಂದಿನದಾಗಿರಬಹುದೆಂಬ ಅರಿವು ಅವನಿಗೆ ಅಲ್ಲಿ ದೊರೆತಿರಬೇಕು. ಅವನು ಮದರಾಸಿನ ಗವರ್ನರನಾಗಿದ್ದಾಗ, ೧೮೨೨ರಲ್ಲಿ, ಹೊರಟ ೪ನೆಯ ರೆಗ್ಯುಲೇಷನ್ನು, ೧೮೦೨ರ ಶಾಸನಗಳು ಯಾವ ವರ್ಗದ ಹಿಡುವಳಿದಾರರ ನಿಜವಾದ ಹಕ್ಕುಗಳನ್ನೂ ಮೊಟಕುಮಾಡುವ ಉದ್ದೇಶದವಲ್ಲವೆಂದು ಸ್ಪಷ್ಟವಾಗಿ ಸಾರಿತು. ಒಳ್ಳೆಯ ಮಾತು. ಆದರೆ ಆ ನಿಜವಾದ ಹಕ್ಕುಗಳು ಯಾವುವೆಂದು ಅದು ಹೇಳಲಿಲ್ಲ. ಮುಂದಿನ ಎಂಬತ್ತು ವರ್ಷಗಳ ವ್ಯಾಜ್ಯವೆಲ್ಲ ಈ ಮೌನದ ಸುತ್ತಲೇ ನಡೆಯಿತು.

ಊರಿನ ಬಾಳು ಹೇಗಿದ್ದಿತು? ವಿಶಾಖಪಟ್ಟಣದ ಬಯಲುಸೀಮೆಯ ಹಳ್ಳಿಯಲ್ಲಿ ನೆಲವನ್ನು ಪಲ್ಲಂ, ಮೆಟ್ಟ ಎಂದು ಎರಡಾಗಿ ಎಣಿಸುತ್ತಾರೆ, ಎಂದರೆ ನಮ್ಮ ಗದ್ದೆ, ಹೊಲ. ತಗ್ಗಿನಲ್ಲಿ ಕೆರೆಯ ನೀರಿಗೋ ಬೆಟ್ಟದಿಂದಿಳಿಯುವ ಗೆಡ್ಡಗಳ ನೀರಿಗೋ ಭತ್ತ. ಮೇಲ್ನೆಲದ ಕೆಂಪು ಮಣ್ಣಿನಲ್ಲಿ ಚೋಡಿ, ಗಂಟೆ, ಎಳ್ಳು, ಗೋಗು. ಚೋಡಿಯೆಂದರೆ ನಮ್ಮ ರಾಗಿಯೇ ಎಂದು ತಿಳಿದಾಗ ಹಳೆಯ ಮೈಸೂರಿನವರಿಗೆ ಆಗುವ ಸಂತೋಷ ಸಣ್ಣದಲ್ಲ. ಚೋಡಿ ಅಂಬಲಿಯು ಅಲ್ಲಿಯ ಬಡವನ ಮುಂಜಾನೆಯ ಊಟ. ಗಂಟೆ ನಮ್ಮ ಸಜ್ಜೆ, ಗೋಗು ನಮ್ಮ ಪುಂಡಿ. ಪುಂಡಿಯ ನಾರು ಭೀಮುನಿಪಟ್ಟಣದ ರೇವಿನಿಂದ ಹಡಗೇರುತ್ತಿದ್ದುದರಿಂದ ವರ್ತಕರ ಬಾಯಲ್ಲಿ ಅದಕ್ಕೆ ಆ ಊರಿನ ಹೆಸರೇ ಅಂಟಿಕೊಂಡಿತು. ಅಳತೆಗಳೂ ನಮಗೆ ಅಪರಿಚಿತವಲ್ಲ. ನಮ್ಮಲ್ಲಿ ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವಾದರೆ ಅವರಲ್ಲಿ ಇಪ್ಪತ್ತು ತೂಮಿಗೆ ಒಂದು ಪುಟ್ಟಿ. ಶಾನುಭೋಗನ ಜಾಗದಲ್ಲಿ ಕರಣಂ, ಪಟೇಲನ ಜಾಗದಲ್ಲಿ ಮುನಸಬು, ತಳವಾರನ ಜಾಗದಲ್ಲಿ ತಲಾರಿ. ಆಯಗಾರರಿಗೆ ಕಣದಲ್ಲಿ ಕೊಡುವ ಆಯಕ್ಕೆ ಅಲ್ಲಿ ಮೇರವೆಂದು ಹೆಸರು.

ರೈತನ ವರ್ಷದಲ್ಲಿ ಅತ್ಯಂತ ಆತಂಕದ ದಿನಗಳು ಬಿತ್ತನೆಯವಲ್ಲ, ಒಕ್ಕಣೆಯವು. ಧಾನ್ಯದಲ್ಲಿಯೇ ಪಾಲು ಹಂಚಿಕೊಳ್ಳುವ ಊರುಗಳಲ್ಲಿ ಬೆಳೆ ಕೊಯ್ದು ಕಣಕ್ಕೆ ತಂದು ರಾಶಿಮಾಡಿದ ಮೇಲೆ ಜಮೀನ್ದಾರನ ಅಧಿಕಾರಿ ಬಂದು ಅಳೆಯುವವರೆಗೆ ಒಂದು ಹಿಡಿಯನ್ನೂ ಮನೆಗೆ ಒಯ್ಯುವಂತಿರಲಿಲ್ಲ. ರಾಶಿಯ ಮೇಲೆ ಮುದ್ರೆಯೊತ್ತಿ ಕಾವಲು ಕೂಡಿಸುತ್ತಿದ್ದರು. ಅಧಿಕಾರಿ ತಡವಾದರೆ ಇಲಿಗೂ ಹಕ್ಕಿಗೂ ಅಕಾಲದ ಮಳೆಗೂ ರಾಶಿ ಸೋರಿಹೋಗುತ್ತಿತ್ತು. ಬೇಗ ಬರಬೇಕಾದರೆ ಮಾಮೂಲು ಕೊಡಬೇಕಾಗಿತ್ತು. ಶಾಸ್ತ್ರಕ್ಕೆ ಅರ್ಧ ರಾಜನದು, ಅರ್ಧ ರೈತನದು. ಆದರೆ ಕರಣಂ, ಅಳೆಯುವವನು, ಕಾವಲಿನವನು, ದೇವಾಲಯ ಎಂದು ತೆಗೆಯುತ್ತ ಬಂದಂತೆ ಆ ಅರ್ಧವು ಅರ್ಧವಾಗಿ ಉಳಿಯುತ್ತಿರಲಿಲ್ಲ. ನ್ಯಾಯಾಲಯಗಳ ಭಾಷೆಯಲ್ಲಿ ಈ ಎರಡು ಪಾಲುಗಳಿಗೆ ಮೇಲ್ವಾರ, ಕುಡಿವಾರವೆಂಬ ತಮಿಳು ಹೆಸರುಗಳು ನೆಲೆನಿಂತವು. ನಮ್ಮ ಹಳ್ಳಿಗಳ ‘ವಾರಕ್ಕೆ ಕೊಡುವುದು’ ಎಂಬ ಮಾತಿನ ವಾರವೂ ಇದೇ ಆಗಿದ್ದು, ಕುಡಿಯೆಂದರೆ ಒಕ್ಕಲು. ನಗದಿನ ಗೇಣಿ ಬಂದ ಕಡೆಗಳಲ್ಲಿ ಕಣದ ಕಾವಲು ತಪ್ಪಿತು. ಅದರ ಬದಲಿಗೆ ಸಾಲಗಾರನ ಕಾವಲು ಬಂದಿತು. ಕಿಸ್ತಿನ ದಿನಕ್ಕೆ ರೂಪಾಯಿ ಬೇಕು, ಧಾನ್ಯಕ್ಕೆ ಬೆಲೆ ಬರುವುದು ಅನಂತರ. ನಡುವಣ ತಿಂಗಳುಗಳನ್ನು ಸಾವುಕಾರನೇ ದಾಟಿಸಬೇಕು.

ದೊಡ್ಡ ಜಮೀನ್ದಾರನು ಹಳ್ಳಿಯನ್ನು ತಾನೇ ನೋಡಿಕೊಳ್ಳುತ್ತಿದ್ದುದೂ ಕಡಮೆ. ಮೂರೋ ಐದೋ ವರ್ಷಕ್ಕೆ ಊರಿಗೆ ಊರನ್ನೇ ಇಜಾರೆಗೆ ಕೊಟ್ಟುಬಿಡುವುದು ವಾಡಿಕೆ. ಇಜಾರದಾರನಿಗೆ ನಾಲ್ಕನೆಯ ವರ್ಷದ ಚಿಂತೆಯಿಲ್ಲ. ಐರ್ಲೆಂಡಿನಲ್ಲಿ ಲಂಡನ್ನಿನಲ್ಲೋ ಡಬ್ಲಿನ್ನಿನಲ್ಲೋ ವಾಸಿಸುವ ಒಡೆಯನಿಗೂ ಗುಡಿಸಲಿನ ಒಕ್ಕಲಿಗೂ ನಡುವೆ ಇಂಥದೇ ಮಧ್ಯವರ್ತಿಗಳ ಸಾಲು ಇದ್ದಿತು. ನಮ್ಮ ಮೈಸೂರಿನಲ್ಲಿ ಅಮಲ್ದಾರರು ಇಷ್ಟು ಹಣ ತುಂಬಿಕೊಡುತ್ತೇವೆಂದು ಕರಾರು ಬರೆದುಕೊಟ್ಟ ಷರತ್ತು ಪದ್ಧತಿಯೂ ಇದೇ ಜಾತಿಯದು. ವಿಶಾಖಪಟ್ಟಣದ ನಾರಾಯಣಬಾಬುವು ಸಾಲದಲ್ಲಿ ಮುಳುಗಿ ೧೮೨೭ರಲ್ಲಿ ಜಮೀನ್ದಾರಿಯನ್ನು ಸರ್ಕಾರದ ಆಡಳಿತಕ್ಕೊಪ್ಪಿಸಿ ಕಾಶಿಗೆ ಹೋದನು. ೧೮೪೫ರಲ್ಲಿ ಅವನು ಅಲ್ಲಿಯೇ ತೀರಿಕೊಂಡನು. ಅವನ ಮಗ ವಿಜಯರಾಮ ಗಜಪತಿಗೆ ಅದು ಮರಳಿ ದೊರೆತದ್ದು ೧೮೫೨ರಲ್ಲಿ. ಈ ನಡುವೆ ೧೮೩೦ರ ದಶಕದ ಆರಂಭದಲ್ಲಿ ಜಿಲ್ಲೆಯಲ್ಲಿ ದೊಡ್ಡ ಗಲಭೆಗಳಾದವು. ಜಾರ್ಜ್ ರಸೆಲ್ ಎಂಬ ಅಧಿಕಾರಿಯನ್ನು ವಿಶೇಷ ಕಮಿಷನರನ್ನಾಗಿ ಕಳುಹಬೇಕಾಯಿತು. ಪಾಲಕೊಂಡ ಜಮೀನ್ದಾರಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ೧೮೪೬ರಿಂದ ಹೆಚ್ಚು ಕಡಮೆ ಅರ್ಧ ಶತಮಾನದ ಕಾಲ ಆ ಪಾಲಕೊಂಡವನ್ನು ಗುತ್ತಿಗೆ ಹಿಡಿದು ಗೇಣಿಯೆತ್ತಿದವರು ಮದರಾಸಿನ ಆರ್ಬತ್ನಾಟ್ ವ್ಯಾಪಾರ ಸಂಸ್ಥೆಯವರು. ಬ್ಯಾಂಕಿನವರೇ ಜಮೀನ್ದಾರರಾದ ಈ ಪ್ರಸಂಗವು ಪ್ರತ್ಯೇಕವಾದ ಅಧ್ಯಯನಕ್ಕೆ ಅರ್ಹವಾಗಿದೆ.

ಕಾಲವನ್ನು ಗಮನಿಸಬೇಕು. ೧೮೩೦-೩೧ರಲ್ಲಿ ಮೈಸೂರಿನಲ್ಲಿ ನಗರದ ರೈತರ ದಂಗೆ, ಅದೇ ವರ್ಷಗಳಲ್ಲಿ ದಕ್ಷಿಣ ಕನ್ನಡದಲ್ಲಿ ಕಂದಾಯ ಕೊಡೆವೆಂದು ರೈತರು ಕಟ್ಟಿದ ಕೂಟಗಳು, ವಿಶಾಖಪಟ್ಟಣದ ಗಲಭೆ, ಐರ್ಲೆಂಡಿನಲ್ಲಿ ೧೮೩೧ರಿಂದ ಚರ್ಚಿನ ದಶಾಂಶದ ವಿರುದ್ಧ ಹೋರಾಟ. ಇವೆಲ್ಲಕ್ಕೂ ಒಂದೇ ಕಾರಣವೆಂದು ಹೇಳುವುದು ಸಾಹಸವಾದೀತು. ಮದರಾಸು ಆಧಿಪತ್ಯದಲ್ಲಂತೂ ಧಾನ್ಯದ ಬೆಲೆ ಇಳಿಯುತ್ತಿದ್ದು, ನಗದಿನ ಕಂದಾಯ ಇಳಿಯದೆ ನಿಂತಿದ್ದುದು ಒಂದು ಸಾಮಾನ್ಯ ಸಂಗತಿ. ಆದರೆ ಒಂದು ಭೇದವಿದೆ. ನಗರದಲ್ಲಿ ಎದ್ದುನಿಂತವರಲ್ಲಿ ರೈತರೇ ಬಹುಮಂದಿ. ವಿಶಾಖಪಟ್ಟಣದಲ್ಲಿ ಮುಂದಾಳುಗಳಾದವರು ಹಕ್ಕು ಕಳೆದುಕೊಂಡ ಅಥವಾ ಕಳೆದುಕೊಳ್ಳುವ ಭಯದಲ್ಲಿದ್ದ ರಾಜವಂಶದವರು. ಅಲ್ಲಿಯ ರೈತನು ತನ್ನ ಪರವಾಗಿ ತಾನೇ ಮಾತನಾಡಲು ಇನ್ನೂ ನೂರು ವರ್ಷಗಳು ಬೇಕಾದವು.

ಈಗ ದಕ್ಷಿಣಕ್ಕೆ, ಬೆಜವಾಡದ ಕಡೆಗೆ ತಿರುಗೋಣ. ಇಂದಿನ ವಿಜಯವಾಡದ ಗದ್ದಲವನ್ನು ಕಂಡವರಿಗೆ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದ ಬೆಜವಾಡವನ್ನು ಊಹಿಸುವುದು ಕಷ್ಟ. ಕೃಷ್ಣೆಯು ಇಂದ್ರಕೀಲಾದ್ರಿಗೂ ಸೀತಾನಗರದ ಗುಡ್ಡಕ್ಕೂ ನಡುವೆ ತುಂಬಿ ಹರಿದು ಸಮುದ್ರ ಸೇರುತ್ತಿತ್ತು. ಎರಡೂ ದಂಡೆಗಳ ಹೊಲಗಳು ಮಳೆಗಾಗಿ ಬಾಯಿಬಿಡುತ್ತಿದ್ದವು. ಇಲ್ಲಿಯ ಅನೇಕ ಗ್ರಾಮಗಳಲ್ಲಿ ವೀಸಬಡಿ ಎಂಬ ಪದ್ಧತಿಯಿದ್ದಿತು. ವೀಸವೆಂದರೆ ಹದಿನಾರರಲ್ಲಿ ಒಂದು ಪಾಲು, ನಮ್ಮ ಲೆಕ್ಕದ ವೀಸವೇ. ಊರಿಗೆಲ್ಲ ಒಟ್ಟು ಮೊತ್ತ ಗೊತ್ತುಮಾಡಿ, ಅದನ್ನು ರೈತರು ವೀಸಗಳ ಲೆಕ್ಕದಲ್ಲಿ ತಮ್ಮೊಳಗೆ ಹಂಚಿಕೊಳ್ಳುತ್ತಿದ್ದರು. ತನ್ನ ಪಾಲಿನ ಮೇಲೆ ಹೊರೆ ಹೆಚ್ಚೆಂದೂ ನೆರೆಯವನ ಮೇಲೆ ಕಡಮೆಯೆಂದೂ ಒಬ್ಬನಿಗೆ ಅನಿಸಿದರೆ, ನೆರೆಯವನ ಭೂಮಿಯನ್ನು ಹೆಚ್ಚಿನ ದರಕ್ಕೆ ತಾನೇ ಹಿಡಿಯುತ್ತೇನೆಂದು ಸವಾಲು ಹಾಕಬಹುದಾಗಿತ್ತು. ನೆರೆಯವನು ಆ ದರವನ್ನು ಒಪ್ಪಬೇಕು, ಇಲ್ಲವೆ ಹೊಲ ಬಿಡಬೇಕು. ಸಮಾನತೆಗೆ ಇದು ಒಳ್ಳೆಯ ಉಪಾಯವೆಂದು ಕೆಲವರು ಹೊಗಳಿದ್ದಾರೆ. ಎತ್ತು, ಆಳು, ಸಾಲದ ಸೌಕರ್ಯವಿದ್ದ ಪೆದ್ದರೈತನೊಬ್ಬನು ಬಡವನ ಹೊಲಕ್ಕೆ ಸವಾಲು ಹಾಕುವ ಸಂದರ್ಭವನ್ನು ಆ ಹೊಗಳಿದವರು ಆಲೋಚಿಸಿದಂತೆ ಕಾಣುವುದಿಲ್ಲ.

ನಂದನ ಸಂವತ್ಸರದಲ್ಲಿ, ಎಂದರೆ ೧೮೩೨-೩೩ರಲ್ಲಿ, ಮಳೆ ಕೈಕೊಟ್ಟಿತು. ಗುಂಟೂರು ಜಿಲ್ಲೆಯ ಐದು ಲಕ್ಷ ಜನರಲ್ಲಿ ಕಡಮೆಯೆಂದರೂ ಒಂದೂವರೆ ಲಕ್ಷ ಮಂದಿ ಸತ್ತರೆಂದು ಅಂದಾಜು. ತೆಲುಗರು ಅದನ್ನು ನಂದನ ಕರುವು ಎಂದೂ ಡೊಕ್ಕಲ ಕರುವು ಎಂದೂ ನೆನೆಯುತ್ತಾರೆ. ಮದರಾಸಿನತ್ತ ಹೊರಟವರು ದಾರಿಯುದ್ದಕ್ಕೂ ಬಿದ್ದರು. ೧೮೪೫ರಿಂದ ಮೊದಲಾದ ಐರ್ಲೆಂಡಿನ ಆಲೂಗೆಡ್ಡೆಯ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನರು ಸತ್ತದ್ದನ್ನು ಜಗತ್ತೆಲ್ಲ ಬಲ್ಲದು. ಗುಂಟೂರಿನ ಹೆಸರು ಆ ಮಾತಿನಲ್ಲಿ ಬರುವುದಿಲ್ಲ. ಜನಸಂಖ್ಯೆಯೊಡನೆ ಹೋಲಿಸಿದರೆ ಗುಂಟೂರಿನ ನಷ್ಟವೇ ದೊಡ್ಡದು.

ಕ್ಷಾಮದ ಬಳಿಕ ಗುಂಟೂರಿನ ಜಮೀನ್ದಾರರು ಪೇಷ್ಕಷ್ ತೆರಲಾರದೆ ಹೋದರು. ಅಮರಾವತಿಯನ್ನು ಕಟ್ಟಿಸಿದ ವಾಸಿರೆಡ್ಡಿ ವೆಂಕಟಾದ್ರಿ ನಾಯುಡು ೧೮೧೬ರಲ್ಲಿ ತೀರಿಕೊಂಡ ಮೇಲೆ ಅವನ ಉತ್ತರಾಧಿಕಾರಿಗಳು ವ್ಯಾಜ್ಯಗಳಲ್ಲಿ ಸೊರಗಿದ್ದರು. ಏನಾಯಿತೆಂದು ವಿಚಾರಿಸಲು ಸರ್ಕಾರ ನೇಮಿಸಿದ ಅಧಿಕಾರಿಯ ಹೆಸರು ಕೇಳಿದರೆ ನಮ್ಮ ವಾಚಕರು ಕಿವಿ ನಿಮಿರಿಸುವರು: ವಾಲ್ಟರ್ ಎಲಿಯಟ್. ೧೮೨೪ರಲ್ಲಿ ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಸೆರೆಯಾಳಾದ ಇಬ್ಬರು ತರುಣ ಆಂಗ್ಲರಲ್ಲಿ ಒಬ್ಬನು ಇವನೇ. ಅನಂತರ ಧಾರವಾಡದ ಸೀಮೆಯಲ್ಲಿದ್ದು ೫೯೫ ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿ, ಕರ್ನಾಟಕದ ರಾಜವಂಶಗಳ ಚರಿತ್ರೆಗೆ ಅಡಿಗಲ್ಲು ಹಾಕಿದವನೂ ಇವನೇ. ಇವನು ೧೮೪೫ರಲ್ಲಿ ಗುಂಟೂರಿಗೆ ಬಂದು, ಅಮರಾವತಿಯ ಸ್ತೂಪವನ್ನು ಅಗೆಸಿ ಅದರ ಶಿಲ್ಪಗಳನ್ನು ಮದರಾಸಿಗೆ ಸಾಗಿಸಿದನು. ಅದೇ ಸಮಯದಲ್ಲಿ ಹಳ್ಳಿಗಳ ಕಂದಾಯದ ಲೆಕ್ಕಗಳನ್ನೂ ಅಗೆದನು. ಜಮೀನ್ದಾರಿಗಳು ಹಾಳಾದದ್ದು ಕೇವಲ ಮಳೆಯ ಅಭಾವದಿಂದಲ್ಲ, ಒಳಗಿನ ದುರಾಡಳಿತದಿಂದ ಎಂಬುದು ೧೮೪೬ರ ಅವನ ವರದಿಯ ತಿರುಳು. ಬಾಕಿಗಾಗಿ ಹರಾಜಿಗೆ ಬಂದ ಜಮೀನ್ದಾರಿಗಳನ್ನು ಸರ್ಕಾರ ತಾನೇ ಕೊಂಡುಕೊಂಡಿತು. ಅಲ್ಲಿ ಕ್ರಮೇಣ ರೈತವಾರಿ ಬಂದಿತು. ಮೂರು ವರ್ಷಗಳ ತರುವಾಯ, ೧೮೪೯ರಲ್ಲಿ, ಐರ್ಲೆಂಡಿನಲ್ಲಿಯೂ ಸಾಲಕ್ಕೆ ಸಿಕ್ಕಿದ ಜಮೀನುಗಳನ್ನು ಮಾರುವ ಕಾಯಿದೆಯಾಯಿತು. ಅಲ್ಲಿ ಕೊಂಡವರು ಹೊಸ ಹಣವಂತರಾದರು; ಇಲ್ಲಿ ಕೊಂಡದ್ದು ಸರ್ಕಾರ. ಇದರಿಂದ ಗುಂಟೂರಿನ ರೈತನು ಬದುಕಿಕೊಂಡನೆಂದೇ ಹೇಳಬೇಕು.

೧೮೫೨ರಿಂದ ೧೮೫೫ರವರೆಗೆ ಕ್ಯಾಪ್ಟನ್ ಓರ್ ಎಂಬವನ ಮೇಲ್ವಿಚಾರಣೆಯಲ್ಲಿ ಬೆಜವಾಡದ ಬಳಿ ಕೃಷ್ಣೆಗೆ ಅಣೆಕಟ್ಟು ಬಿದ್ದಿತು. ಆರ್ಥರ್ ಕಾಟನ್ನನ ಪ್ರಚೋದನೆ ಅದರ ಹಿಂದಿತ್ತು. ಅದು ಇದ್ದ ಸ್ಥಳದಲ್ಲಿಯೇ ೧೯೫೭ರಲ್ಲಿ ಪ್ರಕಾಶಂ ಬ್ಯಾರೇಜು ಬಳಕೆಗೆ ಬಂದಿತು. ಕಾಲುವೆ ಬಂದ ಕಡೆಯಲ್ಲಿ ಜೋಳದ ಹೊಲ ಭತ್ತದ ಗದ್ದೆಯಾಯಿತು, ಗೇಣಿಯೂ ಏರಿತು. ೧೮೬೪ರ ನವೆಂಬರ್ ೧ರ ಚಂಡಮಾರುತದಲ್ಲಿ ಸಮುದ್ರವು ಮಚಲೀಪಟ್ಟಣದ ಮೇಲೆ ನುಗ್ಗಿ ೩೦,೦೦೦ ಜನರನ್ನು ಕೊಂದಿತಾದರೂ, ಕಾಲುವೆಯ ಸೀಮೆ ಚೇತರಿಸಿಕೊಂಡಿತು. ೧೮೭೬-೭೮ರ ಮಹಾಕ್ಷಾಮವು ನಮ್ಮ ಮೈಸೂರನ್ನು ಬರಿದುಮಾಡಿದಾಗ ಕೃಷ್ಣಾ ಗೋದಾವರಿಗಳ ಮುಖಜಭೂಮಿಯಲ್ಲಿ ಅನ್ನಕ್ಕೆ ಕೊರತೆಯಿರಲಿಲ್ಲ. ೧೮೭೧ರ ಮೈಸೂರು ಜನಗಣತಿಯ ಐವತ್ತು ಲಕ್ಷಕ್ಕೆ ಎದುರಾಗಿ ೧೮೮೧ರಲ್ಲಿ ಎಣಿಸಿದವರು ೪೨ ಲಕ್ಷದಷ್ಟು ಮಾತ್ರ. ನೀರಿನಿಂದ ಬಂದ ಸಂಪತ್ತು ಯಾರಲ್ಲಿ ನಿಂತಿತೆಂಬುದು ಬೇರೆಯ ವಿಚಾರ. ರೈತವಾರಿ ಗ್ರಾಮದ ಪಟ್ಟಾದಾರನಲ್ಲಿ ಅದು ಬಹಳಮಟ್ಟಿಗೆ ನಿಂತಿತು. ನೂಜಿವೀಡಿನಂಥ ಜಮೀನ್ದಾರಿಗಳ ಗ್ರಾಮದಲ್ಲಿ ಅದಕ್ಕೆ ಇಬ್ಬರು ಮೂವರು ಹಕ್ಕುದಾರರು ಎದ್ದರು. ಮೈಲಿಯ ಅಂತರದಲ್ಲಿ ಎರಡು ಊರುಗಳು, ಒಂದೇ ಮಣ್ಣು, ಒಂದೇ ಜಾತಿಯ ರೈತರು. ಒಬ್ಬನು ಹೊಲ ಮಾರಬಲ್ಲನು, ಅಡವಿಡಬಲ್ಲನು, ಮತ್ತೊಬ್ಬನಿಗೆ ಅದು ತನ್ನದೆಂಬುದೇ ವಿವಾದ.

ಆ ವಿವಾದ ನ್ಯಾಯಾಲಯಕ್ಕೆ ಹೋಯಿತು. ೧೮೬೫ರ ೮ನೆಯ ಕಾಯಿದೆಯು ಗೇಣಿ ವಸೂಲಿಯ ಕ್ರಮವನ್ನು ಹೇಳಿತೇ ಹೊರತು ರೈತನ ಹಿಡುವಳಿ ಕಾಯಮ್ಮೋ ಅಲ್ಲವೋ ಎಂಬುದನ್ನು ತೀರ್ಮಾನಿಸಲಿಲ್ಲ. ಮದರಾಸು ಹೈಕೋರ್ಟು ೧೮೭೧ರಲ್ಲಿ, ಆ ಕಾಯಿದೆಯಾಗಲಿ ಹಳೆಯ ರೆಗ್ಯುಲೇಷನ್ನುಗಳಾಗಲಿ ರೈತನಿಗೆ ಶಾಶ್ವತವಾದ ಹಕ್ಕನ್ನು ಕೊಡುವುದಿಲ್ಲವೆಂದು ತೀರ್ಪಿತ್ತಿತು. ಕೊಡುವುದಿಲ್ಲ, ಸರಿ, ಮೊದಲೇ ಇದ್ದುದನ್ನು ಕಸಿಯುವುದೇ ಎಂಬ ಪ್ರಶ್ನೆಯನ್ನು ಆ ತೀರ್ಪು ಹಿಂದಕ್ಕೆ ತಳ್ಳಿತು. ಜಮೀನ್ದಾರರ ವಕೀಲರಿಗೆ ಅಷ್ಟೇ ಸಾಕಾಯಿತು. ಇಪ್ಪತ್ತಾರು ವರ್ಷಗಳ ತರುವಾಯ, ೧೮೯೭ರಲ್ಲಿ, ತೆಲುಗು ಸೀಮೆಯ ಜಮೀನ್ದಾರಿಯೊಂದರಿಂದ ಬಂದ ವ್ಯಾಜ್ಯದಲ್ಲಿ ನ್ಯಾಯಮೂರ್ತಿ ಸುಬ್ರಹ್ಮಣ್ಯ ಅಯ್ಯರ್ ಅವರು ವಿಷಯವನ್ನು ತಲೆಕೆಳಗುಮಾಡಿ ನೋಡಿದರು. ರೈತನು ಜಮೀನ್ದಾರನಿಂದ ಭೂಮಿ ಪಡೆದವನಲ್ಲ. ಜಮೀನ್ದಾರನಿಗೆ ಸರ್ಕಾರ ಒಪ್ಪಿಸಿದ್ದು ಕಂದಾಯವನ್ನು ಎತ್ತುವ ಹಕ್ಕನ್ನು. ಆದ್ದರಿಂದ ರೈತನನ್ನು ಮೇಲ್ನೋಟಕ್ಕೇ ವರ್ಷದಿಂದ ವರ್ಷಕ್ಕೆ ಗೇಣಿ ಹಿಡಿದವನೆಂದು ಭಾವಿಸಲಾಗದು ಎಂದು ಆ ತೀರ್ಪು ಹೇಳಿತು. ೧೮೨೨ರ ಮೌನಕ್ಕೆ ಕೊನೆಗೂ ಮಾತು ಬಂದಿತು. ಅದರ ಬಲದಿಂದಲೇ ೧೯೦೮ರ ಎಸ್ಟೇಟ್ ಭೂಕಾಯಿದೆ ರೂಪುಗೊಂಡಿತು. ರೈತವಾರಿಗೆ ಒಳಪಡದ ಜಿರಾಯಿತಿ ಭೂಮಿಯ ರೈತನಿಗೆ ಹಿಡುವಳಿಯ ಹಕ್ಕು ದೊರೆಯಿತು. ಬೆಲೆಯೇರಿಕೆಯ ಕಾರಣ ಹೇಳಿ ಗೇಣಿಯನ್ನು ರೂಪಾಯಿಗೆ ಎರಡಾಣೆಗಿಂತ ಹೆಚ್ಚಿಸಬಾರದೆಂಬ ಮಿತಿ ಬಿದ್ದಿತು.

ಐರ್ಲೆಂಡಿನ ಅಲ್ಸ್ಟರ್ ಪ್ರಾಂತದಲ್ಲಿ ಒಕ್ಕಲಿಗೆ ರೂಢಿಯ ಹಕ್ಕಿದ್ದಿತು, ಕಾಗದದ ಹಕ್ಕಿರಲಿಲ್ಲ. ೧೮೭೦ರ, ೧೮೮೧ರ ಕಾಯಿದೆಗಳು ಆ ರೂಢಿಯನ್ನು ಕಾನೂನಾಗಿ ಮಾಡಿದವು. ಅದರ ನಡುವೆ ೧೮೭೯ರಲ್ಲಿ ಅಲ್ಲಿ ರೈತರ ಲ್ಯಾಂಡ್ ಲೀಗು ಹುಟ್ಟಿ, ಗೇಣಿ ಕೊಡೆವೆಂದು ಹಳ್ಳಿಹಳ್ಳಿಗಳು ಎದ್ದವು. ಇಲ್ಲಿ ೧೮೯೭ರ ಹಿಂದೆ ಅಂಥ ಸಂಘವೊಂದಿರಲಿಲ್ಲ. ನ್ಯಾಯಾಧೀಶರ ವಿವೇಕವೇ ಸಂಘದ ಕೆಲಸ ಮಾಡಿತು. ಬರಹಂಪುರದಲ್ಲಿ ಹುಟ್ಟಿ ಡಬ್ಲಿನ್ನಿನಲ್ಲಿ ಓದಿ, ಐರಿಷರ ಹೋರಾಟವನ್ನು ಕಣ್ಣಾರೆ ಕಂಡು ಬಂದ ವಿ. ವಿ. ಗಿರಿಯವರು ಮುಂದೆ ನಮ್ಮ ಮೈಸೂರು ರಾಜ್ಯಕ್ಕೆ ರಾಜ್ಯಪಾಲರಾಗಿ ಬಂದದ್ದು ಪ್ರಾಸಂಗಿಕವಾಗಿ ನೆನಪಾಗುತ್ತದೆ. ಇನ್ನೊಂದು ಭೇದ ಸಂಶೋಧಕನಿಗೆ ಮುಖ್ಯವಾದದ್ದು. ಐರ್ಲೆಂಡಿನಲ್ಲಿ ಗ್ರಿಫಿತ್ ಎಂಬವನು ೧೮೪೭ರಿಂದ ೧೮೬೪ರವರೆಗೆ ಮಾಡಿಸಿದ ಮೌಲ್ಯಮಾಪನದಲ್ಲಿ, ಟೌನ್‌ಲ್ಯಾಂಡ್ ಎಂಬ ಅತಿ ಸಣ್ಣ ಗ್ರಾಮಘಟಕದಲ್ಲಿಯೂ, ಹಿಡುವಳಿದಾರ ಯಾರು, ಒಡೆಯ ಯಾರು, ಎಷ್ಟು ನೆಲ ಎಂಬುದೆಲ್ಲ ಅಚ್ಚಾಗಿದೆ. ವಿಜಯನಗರಂನ ೧,೧೫೭ ಗ್ರಾಮಗಳಿಗೆ ಅಂಥ ಪಟ್ಟಿಯ ಅವಶ್ಯಕತೆ ಸರ್ಕಾರಕ್ಕೆ ಬೀಳಲೇ ಇಲ್ಲ. ಐದು ಲಕ್ಷ ಬಂದರೆ ಲೆಕ್ಕ ಮುಗಿಯಿತು. ೧೮೬೯ರಲ್ಲಿ ಕಾರ್ಮೈಕೇಲ್ ಬರೆದ ಜಿಲ್ಲಾ ಕೈಪಿಡಿಯಲ್ಲಿ ರಾಜರ ವಂಶಾವಳಿಗಳಿವೆ. ಒಬ್ಬ ಒಕ್ಕಲಿನ ಹೊಲವನ್ನು ಅದರಲ್ಲಿ ಹುಡುಕಿದರೆ ಸಿಗದು.

೧೯೦೮ರ ಕಾಯಿದೆಯಲ್ಲಿ ಒಂದು ಬಾಗಿಲು ತೆರೆದೇ ಇತ್ತು. ಜಮೀನ್ದಾರನು ಸ್ವಂತವಾಗಿ ಸಾಗುಮಾಡುವ ಕಮತದ ಭೂಮಿಗೆ ಅದು ಅನ್ವಯಿಸುತ್ತಿರಲಿಲ್ಲ. ನಮ್ಮಲ್ಲಿ ಕಮತವೆಂದರೆ ಬೇಸಾಯ, ಅಷ್ಟೇ. ತೆಲುಗಿನ ನ್ಯಾಯಾಲಯಗಳಲ್ಲಿ ಅದು ಒಡೆಯನ ಖಾಸಗಿ ನೆಲವೆಂಬ ಪಾರಿಭಾಷಿಕವಾಯಿತು. ರೈತನ ಜಿರಾಯಿತಿಯನ್ನು ಕಮತವೆಂದು ಬರೆಸಿಬಿಟ್ಟರೆ ಹಕ್ಕು ಕರಗಿಹೋಗುತ್ತಿತ್ತು. ಒಂದು ಮಾತಿನ ಅರ್ಥಕ್ಕಾಗಿ ಎಷ್ಟು ಕುಟುಂಬಗಳು ಕಚೇರಿಯ ಮೆಟ್ಟಿಲು ಹತ್ತಿಳಿದಿರಬಹುದೆಂಬುದನ್ನು ಶಬ್ದಾರ್ಥದಲ್ಲಿ ಆಸಕ್ತಿಯುಳ್ಳ ನಮ್ಮಂಥವರು ಯೋಚಿಸಬೇಕು.

ಇಷ್ಟು ಹೇಳಿದ ಮೇಲೂ ನಾನು ಹೇಳಿದ್ದು ರೈತನ ಕಥೆ, ಎಂದರೆ ಪಟ್ಟಾ ಪಡೆಯಲು ಯೋಗ್ಯನೆನಿಸಿದವನ ಕಥೆ. ಅವನ ಕೆಳಗೆ ಕೌಲಿಗೆ ಹಿಡಿದವನಿದ್ದನು; ಅವನಿಗೆ ೧೯೦೮ರ ಕಾಯಿದೆಯ ನೆರಳು ತಾಗಲಿಲ್ಲ. ಅವನಿಗೂ ಕೆಳಗೆ ವಿಶಾಖಪಟ್ಟಣದಲ್ಲಿ ಕಂಬಾರಿಯೆಂದೂ ಕೃಷ್ಣಾ ಸೀಮೆಯಲ್ಲಿ ಪಾಲೇರು ಎಂದೂ ಕರೆಸಿಕೊಂಡ ಜೀತದಾಳು. ವರ್ಷಕ್ಕೆ ಇಷ್ಟು ಧಾನ್ಯ, ಒಂದು ಕಂಬಳಿ, ಮುಂಗಡದ ಸಾಲ, ಸಾಲ ತೀರದಿದ್ದರೆ ಮುಂದಿನ ವರ್ಷವೂ ಅದೇ ಮನೆ. ಮನ್ಯದ ಗುಡ್ಡಗಳಲ್ಲಿ ಗೋತಿ ಎಂಬ ಹೆಸರಿನ ಸಾಲದ ಜೀತವು ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ಅದನ್ನು ನಿಷೇಧಿಸುವ ರೆಗ್ಯುಲೇಷನ್ನು ಬಂದದ್ದು ೧೯೪೦ರಲ್ಲಿ. ನಾಟಿ ಮಾಡಿದ, ಕಳೆ ಕಿತ್ತ, ಭತ್ತ ಕುಟ್ಟಿದ ಹೆಂಗಸಿನ ಕೂಲಿ ಕುಂಚದ ಲೆಕ್ಕದಲ್ಲಿ ಕಣದಲ್ಲಿಯೇ ಮುಗಿಯುತ್ತಿತ್ತು. ಅವಳ ಹೆಸರು ಯಾವ ಮುಚ್ಚಳಿಕೆಯಲ್ಲಿಯೂ ಇಲ್ಲ. ಐರ್ಲೆಂಡಿನ ಬಡ ಕೂಲಿಗಾರನು ಅಮೆರಿಕೆಯ ಹಡಗು ಹತ್ತಿದಂತೆ ಇವರ ಮಕ್ಕಳು ಭೀಮುನಿಪಟ್ಟಣ, ಕಳಿಂಗಪಟ್ಟಣ, ವಿಶಾಖಪಟ್ಟಣಗಳ ರೇವುಗಳಿಂದ ರಂಗೂನಿಗೆ ಹಡಗು ಹತ್ತಿದರು, ಭತ್ತದ ಕೊಯ್ಲಿಗೆ, ಅಕ್ಕಿಯ ಗಿರಣಿಗೆ, ಬಂದರಿನ ಮೂಟೆಗೆ. ಅನೇಕರು ಹಣ ಕಟ್ಟಿಕೊಂಡು ಹಿಂದಿರುಗಿ ಬಂದು, ಅದೇ ಊರಿನಲ್ಲಿ ಎರಡು ತೂಮು ಬಿತ್ತುವಷ್ಟು ನೆಲಕ್ಕಾಗಿ ಅದೇ ಕರಣಂನ ಮುಂದೆ ನಿಂತರು.

೧೯೪೮ರಲ್ಲಿ ಮದರಾಸಿನ ಶಾಸನಸಭೆ ಜಮೀನ್ದಾರಿಯನ್ನು ರದ್ದುಮಾಡಿ ಭೂಮಿಯನ್ನು ರೈತವಾರಿಗೆ ತರುವ ಕಾಯಿದೆಯನ್ನು ಅಂಗೀಕರಿಸಿತು. ವಿಜಯನಗರಂ ಜಮೀನ್ದಾರಿ ೧೯೪೯ರಲ್ಲಿ ಸರ್ಕಾರದ ವಶಕ್ಕೆ ಬಂದಿತು. ಕರ್ನಾಟಕದಲ್ಲಿ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿದ ೧೯೭೪ರ ತಿದ್ದುಪಡಿಗೆ ಇದು ಕಾಲು ಶತಮಾನ ಮುಂಚಿನದು. ಪಟ್ಟಾ ಬರೆಯಲು ಗ್ರಾಮಗಳಿಗೆ ಹೋದ ಅಧಿಕಾರಿಗಳು ಮೊದಲು ಕೇಳಿದ ಪ್ರಶ್ನೆ, ಈ ಹೊಲ ಜಿರಾಯಿತಿಯೋ ಕಮತವೋ ಎಂಬುದೇ ಆಗಿತ್ತು.